ಅಲ್ಲಿಯ ಹಲ್ಲಿ

ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಷ್ಟು ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಗಂಜಾಂನ ಆ ಬೀದಿಯಲ್ಲಿ ಬೇರೆ ಸದ್ದೇ ಇರಲಿಲ್ಲ, ನಾಯಿಗಳೂ ಮಲಗಿದ್ದವು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, "ಇವತ್ತೂ ಮಂಜು ಬಿತ್ತು ಕಣವ್ವ, ಕಿಟಕಿ ತೆಗೆಯೋ ಹಾಗೇ ಇಲ್ಲ" ಎಂದು ಆಗಷ್ಟೇ ಹೇಳಿ ಮುಗಿಸಿದ್ದೆ. ಹಲ್ಲಿ ನುಡಿದದ್ದೇ ತಡ, ನನ್ನ ಬೆರಳು ತಾನಾಗಿ ಮೇಜನ್ನು ತಟ್ಟಿತು. ಬಾಯಿ "ಕೃಷ್ಣ ಕೃಷ್ಣ" ಅಂದಿತು.

ಆ ಕಡೆ ಅವ್ವ ನಾಗಮಂಗಲದ ಕಡೆ, ಹೊಣಕೆರೆಯ ಹತ್ತಿರದ ನಮ್ಮ ಊರಿನಲ್ಲಿ, ಕೊಟ್ಟಿಗೆಯಲ್ಲಿ, ಕರು ಹಾಕಲಿದ್ದ ಹಸುವನ್ನು ಕಾಯುತ್ತ ಕೂತಿದ್ದಳು. ನಿದ್ದೆ ತಡೆಯಲೆಂದು ನನಗೆ ಫೋನ್ ಮಾಡಿದ್ದಳು.

"ಅಲ್ಲೂ ಅಲ್ಲಿ ಇದ್ದವಾ ಮಗ?" ಅಂದಳು.

ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಲ್ಲಿಯೂ ಅಲ್ಲಿಯೇ, ಅಲ್ಲಿಯೂ ಅಲ್ಲಿಯೇ.

"ಅವೆ ಕಣವ್ವ. ಎಲ್ಲಾ ಕಡೇನೂ ಇರ್ತವೆ."

"ಊಂ. ಅಂಗಾರೆ ನೀನು ಯೋಳಿದ್ದು ನಿಜಾನೇ ಬುಡು. ನುಡೀತಲ್ಲ."

ಮಾತಾಡುವಾಗ ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಎಂದು ಅವಳ ನಂಬಿಕೆ. ನನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿತೆಂದು ನನಗೆ ನಗು ಬರಬೇಕಿತ್ತು. ಬರಲಿಲ್ಲ. ಹಸು ಒದ್ದಾಡುತ್ತಿದೆ ಎಂದು ಅವಳು ಫೋನಿಟ್ಟ ಮೇಲೂ ನಾನು ಆ ಗೋಡೆಯನ್ನೇ ನೋಡುತ್ತ ಕೂತಿದ್ದೆ. ಟಿಬಿಲಿಸಿಯ ನನ್ನ ಕೋಣೆಯಲ್ಲಿ ಒಂದು ದಿನವೂ ಹಲ್ಲಿ ಕಂಡಿರಲಿಲ್ಲ.

ಮನೆಯವರ ಪ್ರಕಾರ ನಾನು ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿದ್ದೆ. ಮೊನ್ನೆ ಮೊನ್ನೆಯವರೆಗೆ ಇದ್ದದ್ದು ನಿಜ. ಅದಕ್ಕೆ ಮುಂಚೆ ವಿಯೆಟ್ನಾಂನಲ್ಲಿ, ಅದಕ್ಕೂ ಮುಂಚೆ ಮಲೇಷ್ಯಾದಲ್ಲಿ ಇದ್ದದ್ದೂ ನಿಜ. ಯುರೋಪಿನ ಒಂದು ಸಣ್ಣ ಕಂಪನಿ ತಾನು ಮಾರುವ ಕಾಫಿ ಯಂತ್ರ, ಒಲೆ, ಬೀಗಗಳ ಜೊತೆ ಕೊಡುವ ಬಳಕೆಯ ಸೂಚನೆಗಳನ್ನು ನಾನು ತಿದ್ದುತ್ತೇನೆ. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕು, ಯಾವ ಸದ್ದು ಕೇಳಿದ ಮೇಲೆ ಕೈ ತೆಗೆಯಬೇಕು, ಇಂಥವು. ಇಂಟರ್ನೆಟ್ ಇದ್ದರೆ ಎಲ್ಲಿ ಕೂತರೂ ನಡೆಯುವ ಕೆಲಸ. ಒಂದು ಊರಿನಲ್ಲಿ ನಾಲ್ಕಾರು ತಿಂಗಳಾಗುತ್ತಲೇ ನನಗೆ ಆ ಊರಿನ ಬೀದಿಗಳು ಕಾಲಿಗೆ ತೊಡರತೊಡಗುತ್ತವೆ. ಆಗ ಚೀಲ ತುಂಬುತ್ತೇನೆ. ಹೀಗೆ ತಿರುಗುತ್ತ ದುಡಿಯುವವರಿಗೆ ಈಗ ಕೆಲವು ದೇಶಗಳು ಬೇರೆಯೇ ವೀಸಾ ಕೊಡುತ್ತವೆ. ಪೋರ್ಚುಗಲ್‌ನದು ಬೇಕೆಂದರೆ ನನ್ನ ದೇಶದಿಂದಲೇ ಅರ್ಜಿ ಹಾಕಬೇಕಿತ್ತು. ಹಾಕಲು ಬಂದೆ. ಪಾಸ್‌ಪೋರ್ಟ್ ವೀಸಾ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು, ನಾನು ಗಂಜಾಂನಲ್ಲಿ.

ಎಲ್ಲಿ ಕೂತರೂ ನಡೆಯುವ ಕೆಲಸ ಎಂಬ ಒಂದು ವಾಕ್ಯ ಮಾತ್ರ ಮನೆಗೆ ತಲುಪಬಾರದಾಗಿತ್ತು. ಅವರಿಗೆ ನಾನು ಹೇಳಿದ್ದು, ಆಫೀಸು ಅಲ್ಲೇ ಇರುವುದು, ಹೋಗದಿದ್ದರೆ ಕೆಲಸ ಹೋಗುತ್ತದೆ ಎಂದು. ನೆಂಟರು ನನ್ನ ಮದುವೆಯ ಮಾತು ಎತ್ತಿದಾಗಲೆಲ್ಲ ಅಪ್ಪ ಆ ಆಫೀಸನ್ನೇ ಅಡ್ಡ ಹಿಡಿಯುತ್ತಿದ್ದರು. ದೊಡ್ಡಪ್ಪ ಹೊನ್ನಪ್ಪ ಮಾತ್ರ, "ಅದ್ಯಾವ ಆಫೀಸ್ಲಾ, ಊರಿಂದೂರಿಗೆ ಓಡಾಡೋದು? ಆಫೀಸೋ ಸರ್ಕಸ್ಸೋ?" ಎಂದು ನಗುತ್ತಿದ್ದರು. ಇಲ್ಲೇ ಕೂತು ಮಾಡಬಹುದು ಎಂದು ಮನೆಯವರಿಗೆ ತಿಳಿದ ದಿನ ನನ್ನ ಚೀಲ ಅಟ್ಟ ಸೇರುತ್ತದೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಮಹಡಿಯ ಮೇಲೆ ಒಂದು ಕೋಣೆ ಬಿಡಿಸಿ, ಮೇಜು ಹಾಕಿಸಿ, "ತಗೊಳವ್ವ, ಇಲ್ಲೇ ಮಾಡ್ಕೊ" ಅನ್ನುತ್ತಾರೆ. ಆ ಪ್ರೀತಿಗೆ ಎದುರು ನನ್ನ ಬಳಿ ಮಾತಿಲ್ಲ.

ಬೆಂಗಳೂರಿನಲ್ಲಿ ನಮ್ಮ ನೆಂಟರಿಲ್ಲದ ಬಡಾವಣೆಯಿಲ್ಲ. ಅವ್ವನಿಗೆ ಮೊಣಕಾಲು ನೋವು, ಊರು ಬಿಟ್ಟು ಕದಲುವುದಿಲ್ಲ. ಅಪ್ಪನಿಗೆ ಹಸು, ಡೇರಿ ಬಿಟ್ಟರೆ ಬೇರೆ ದಿಕ್ಕು ಗೊತ್ತಿಲ್ಲ. ಹೀಗೆಲ್ಲ ಲೆಕ್ಕ ಹಾಕಿ ಶ್ರೀರಂಗಪಟ್ಟಣದ ಈ ಮೂಲೆಗೆ ಬಂದಿದ್ದೆ. ನನ್ನ ಬಾಡಿಗೆ ಕೋಣೆಯ ಕೆಳಗಿನ ಮನೆಯ ಪುಟ್ಟಲಕ್ಷ್ಮಮ್ಮನವರ ಗಂಡ ಅಕ್ಕಸಾಲಿಗರು, ಮುಂದಿನ ಕೋಣೆಯಲ್ಲೇ ಅವರ ಕೆಲಸ. ರಾತ್ರಿಯೆಲ್ಲ ನನ್ನ ದೀಪ ಉರಿಯುವುದನ್ನು ನೋಡಿ ಪುಟ್ಟಲಕ್ಷ್ಮಮ್ಮ, ನಾನು ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದೇನೆಂದು ತಾವೇ ತೀರ್ಮಾನಿಸಿದ್ದರು. ನಾನು ಇಲ್ಲ ಅನ್ನಲಿಲ್ಲ. "ತಾಸೀಲ್ದಾರ್ ಆದ್ಮೇಲೆ ನಮ್ ಖಾತೆ ಒಂದು ಮಾಡ್ಕೊಡವ್ವ" ಎಂದು ಅವರು ಕಾಫಿ ತಂದುಕೊಡುವಾಗ ನನಗೆ ಲೋಟ ಎತ್ತಲು ಸಂಕೋಚವಾಗುತ್ತಿತ್ತು.

ವಿಡಿಯೊ ಕರೆ ಬಂದರೆ ಸ್ವೆಟರ್ ಹಾಕಿಕೊಂಡು, ಫ್ಯಾನ್ ನಿಲ್ಲಿಸಿ, ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಶಿವರಾತ್ರಿ ಹತ್ತಿರ ಬಂದು ಬಿಸಿಲು ಚುರುಕಾಗಿತ್ತು. ಒಂದು ಬೆಳಿಗ್ಗೆ ಹಾಗೆ ಅವ್ವನ ಜೊತೆ ಮಾತಾಡುತ್ತಿರುವಾಗ ಕಿಟಕಿಯ ಕೆಳಗೇ ಆಟೋದವನೊಬ್ಬ, "ಸಂಗಮ, ಗುಂಬಜ್, ನಿಮಿಷಾಂಬಾ" ಎಂದು ಇಲ್ಲಿಯ ಗುಡಿ, ಸ್ಥಳಗಳ ಹೆಸರು ಕೂಗಿಕೊಂಡು ಹೋದ. ನಾನು ತಟ್ಟನೆ ಕರೆ ಕತ್ತರಿಸಿ, ನೆಟ್‌ವರ್ಕ್ ಹೋಯಿತೆಂದು ಆಮೇಲೆ ಹೇಳಿದೆ. ಅವ್ವ ಏನೂ ಕೇಳಲಿಲ್ಲ. ಅವಳು ಏನೂ ಕೇಳದಿದ್ದದ್ದೇ ನನ್ನನ್ನು ನಿದ್ದೆಗೆಡಿಸಿತು.

ವೀಸಾ ಕಚೇರಿಯವರು ಬ್ಯಾಂಕಿನ ಮೊಹರು ಹಾಕಿದ ಕಾಗದವೊಂದು ಬೇಕೆಂದರು. ಪಿಯುಸಿ ಓದುವಾಗ ಮಾಡಿಸಿದ ನನ್ನ ಖಾತೆ ಪಾಂಡವಪುರದಲ್ಲಿತ್ತು. ಮಾಸ್ಕ್ ಹಾಕಿ, ತಲೆಯ ಮೇಲೆ ವೇಲು ಹೊದ್ದು ಹೋದೆ. ಅಲ್ಲಿ ಕೆಲಸ ಬೇಗ ಆಯಿತು. ವಾಪಸು ಬರಲು ನಾಗಮಂಗಲದಿಂದ ಮೈಸೂರಿಗೆ ಹೋಗುವ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಟ ಮೇಲೆ ಮುಂದಿನ ಸಾಲುಗಳಿಂದ ಒಂದು ನಗು ಕೇಳಿತು.

ಅವ್ವನ ನಗು.

ಮೂರು ಸೀಟು ಮುಂದೆ, ಕಿಟಕಿಯ ಪಕ್ಕ. ಮಡಿಕೆ ಮುರಿಯದ ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ. ಅವಳ ಪಕ್ಕದಲ್ಲಿ ದಪ್ಪನೆಯ ಹೆಂಗಸೊಬ್ಬಳು ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ತನ್ನ ಹೆಸರು ಚಿಕ್ಕಬೋರಮ್ಮ, ಕೆ.ಆರ್.ಪೇಟೆಯವಳು ಎಂದು ಅವಳು ಇಡೀ ಬಸ್ಸಿಗೆ ಕೇಳುವಂತೆ ಹೇಳಿಯಾಗಿತ್ತು.

"ಎಲ್ಲಿಗೋಯ್ತಿದ್ದೀಯವ್ವ ಒಬ್ಳೇ?"

"ಮಗಳ ಮನೆಗೆ," ಅಂದಳು ಅವ್ವ. "ಗಂಜಾಂನಲ್ಲಿ ಅವ್ಳೆ."

ನನ್ನ ಕೈಯಲ್ಲಿದ್ದ ಬ್ಯಾಂಕಿನ ಕಾಗದ ಮುದುರಿತು.

"ಅಳಿಯ ಏನ್ಮಾಡ್ತಾನೆ?"

"ಅಳಿಯ ಇಲ್ಲ."

"ಅಯ್ಯೋ ಸಿವನೆ, ಓಗ್ಬುಟ್ನಾ?"

"ಬಂದೇ ಇಲ್ಲ ಕಣಕ್ಕ, ಓಗೋದೆಲ್ಲಿಂದ?"

ಚಿಕ್ಕಬೋರಮ್ಮ ಬುಟ್ಟಿ ಕುಲುಕುವಂತೆ ನಕ್ಕಳು. "ಅಂಗಾರೆ ನಿಮಿಸಾಂಬಂಗೆ ಒಂದು ಅರಕೆ ಕಟ್ಟು. ನಿಮಿಸದಲ್ಲಿ ಗಂಡು ಸಿಕ್ತದೆ. ನನ್ ತಂಗಿ ಮಗಳಿಗೆ ಸಿಗ್ನಿಲ್ವಾ? ಸಿಕ್ದೋನು ಕುಡೀತಾನೆ, ಅದು ಬ್ಯಾರೆ ಮಾತು."

"ಕಟ್ಟೀನಿ. ಯಾತಕ್ಕೆ ಕಟ್ಟೀನಿ ಅಂತ ಆ ಅಮ್ಮಂಗೊಬ್ಳಿಗೇ ಗೊತ್ತು ಬುಡಕ್ಕ."

ಗೊತ್ತಿದ್ದು ಹೇಳುತ್ತಿದ್ದಾಳೆಯೋ, ಒಂಟಿಯಾಗಿ ಹೊರಟ ಹೆಂಗಸಿಗೆ ಒಂದು ನೆಪ ಬೇಕೆಂದು ಕಟ್ಟುತ್ತಿದ್ದಾಳೆಯೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ನನ್ನ ಬಳಿ ಬಂದರು.

"ಆಧಾರ್ ತೋರ್ಸಿ ಮೇಡಂ."

ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ನನ್ನ ಆಧಾರಿನಲ್ಲಿ ನಮ್ಮ ಊರಿನ ಹೆಸರಿತ್ತು. ಇವರು ಅದನ್ನು ಗಟ್ಟಿಯಾಗಿ ಓದಿ, ಆ ಹಸಿರು ಸೀರೆಯವರೂ ಅಲ್ಲಿಯವರೇ ಅಂದರೆ? "ತಂದಿಲ್ಲ," ಎಂದು ಮೆಲ್ಲಗೆ ಹೇಳಿದೆ. "ಟಿಕೆಟ್ ಕೊಡಿ. ಶ್ರೀರಂಗಪಟ್ಟಣ."

"ಫೋನಲ್ಲಿದ್ರೆ ತೋರ್ಸಿ, ನಡೀತದೆ."

"ಇಲ್ಲ. ದುಡ್ಡು ತಗೊಳ್ಳಿ."

ಕಂಡಕ್ಟರ್ ನೋಟು ಹಿಡಿದು ಬಸ್ಸಿನತ್ತ ತಿರುಗಿದರು. "ನೋಡ್ರಪ್ಪ, ಫ್ರೀ ಬುಟ್ಟು ದುಡ್ಡು ಕೊಡೋ ಎಣ್ಮಗಳ ಇವತ್ತೇ ನೋಡಿದ್ದು. ಸರ್ಕಾರ ಉದ್ಧಾರ ಆಯ್ತು."

ಬಸ್ಸಿಗೆ ಬಸ್ಸೇ ಹಿಂದೆ ತಿರುಗಿ ನನ್ನನ್ನು ನೋಡಿತು. ಚಿಕ್ಕಬೋರಮ್ಮ ಕತ್ತು ಪೂರಾ ತಿರುಗಿಸಿ ನೋಡಿದಳು. ಅವ್ವ ಮಾತ್ರ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದಳು.

ಶ್ರೀರಂಗಪಟ್ಟಣದಲ್ಲಿ ಅವಳು ಇಳಿದಾಗ ನಾನು ಅವಳ ಮೊಣಕಾಲನ್ನೇ ನೋಡಿದೆ. ಕಂಬಿ ಹಿಡಿಯದೆ ಸಲೀಸಾಗಿ ಇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಬೆಲ್ಲದ ಅಂಗಡಿಯ ಮುಂದೆ ನಿಂತು, ಕಡಲೆಪುರಿಯ ಪೊಟ್ಟಣ ಕೊಂಡು, ಆಟೋದವನ ಜೊತೆ ಏನೋ ತಮಾಷೆ ಮಾಡಿ ಹತ್ತಿದಳು. ನಾನು ಅದೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿಬಿಡಬಹುದಿತ್ತು. ಎರಡು ದಿನ ಎಲ್ಲಾದರೂ ಇದ್ದು ಬರಬಹುದಿತ್ತು. ತಪ್ಪಿಸಿಕೊಳ್ಳುವುದು ನನಗೆ ಚೆನ್ನಾಗಿ ಬರುವ ವಿದ್ಯೆ. ಆದರೆ ಮನೆಯಲ್ಲಿ ಮೆಟ್ಟಿಲಿಳಿಯಲು "ಅಯ್ಯಪ್ಪಾ" ಅನ್ನುವ ಅವ್ವ ಇವಳಾಗಿರಲಿಲ್ಲ. ಇವಳು ಯಾರು ಎಂದು ನೋಡದೆ ಹೋಗಲು ಮನಸ್ಸಾಗಲಿಲ್ಲ. ಹಿಂದಿನ ಆಟೋ ಹತ್ತಿದೆ.

ಅವ್ವ ನಿಮಿಷಾಂಬಾ ಗುಡಿಯ ಸಾಲಿನಲ್ಲಿ ನಿಲ್ಲಲಿಲ್ಲ. ಹೊರಗಿನಿಂದಲೇ ಕೈ ಮುಗಿದು, ನೇರವಾಗಿ ಕಾವೇರಿಯ ಮೆಟ್ಟಿಲುಗಳಿಗೆ ಹೋಗಿ, ಚಪ್ಪಲಿ ಬಿಟ್ಟು, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಮೀನುಗಳಿಗೆ ಒಂದೊಂದೇ ಹಿಡಿ ಪುರಿ ಎಸೆದಳು. ನಾನು ಮೇಲಿನ ಮೆಟ್ಟಿಲಲ್ಲಿ, ಬಟ್ಟೆ ಒಣಹಾಕುತ್ತಿದ್ದವರ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಸೊಂಟದಿಂದ ಫೋನ್ ತೆಗೆದಳು. ನನ್ನ ಕೈಯಲ್ಲಿ ನನ್ನ ಫೋನ್ ನಡುಗಿತು.

ಎತ್ತದಿದ್ದರೆ ಅವಳು ತಿರುಗಿ ನೋಡಬಹುದು. ಎತ್ತಿದೆ.

"ಅವ್ವ."

"ಏನ್ಮಾಡ್ತಿದ್ದೀಯೆ ಮಗ?"

"ರೂಮಲ್ಲಿದ್ದೀನಿ. ಕೆಲಸ ಇತ್ತು. ನೀನು?"

"ಅಟ್ಟೀಲೇ, ಮನೆ ಬುಟ್ಟು ಎಲ್ಲಿಗೋಗ್ಲಿ? ಕರೂಗೆ ಆಲು ಕುಡುಸ್ತಿದ್ದೆ."

ಆಗ ಗುಡಿಯ ಗಂಟೆ ಹೊಡೆಯಿತು. ಒಂದು ಕಿವಿಗೆ ಗಾಳಿಯಲ್ಲಿ ಬಂತು. ಇನ್ನೊಂದು ಕಿವಿಗೆ ಚೂರು ತಡವಾಗಿ, ಫೋನಿನೊಳಗಿಂದ. ಅವಳಿಗೂ ಹಾಗೆಯೇ ಎರಡು ಸಲ ಕೇಳಿರಬೇಕು. ಗಂಟೆ ನಿಂತಿತು. ಅವಳ ಬೆನ್ನು ಅಲುಗಲಿಲ್ಲ.

"ಮೆಟ್ಲೆಲ್ಲ ಪಾಚಿ ಕಟ್ಟವೆ," ಅಂದಳು ಫೋನಿನಲ್ಲಿ. "ಚಪ್ಲಿ ಬುಟ್ಟು ಇಳಿ. ಜಾರೀಯೆ."

ಇಳಿದು ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ಮುಖ ನೋಡದೆ ಪುರಿಯ ಪೊಟ್ಟಣ ಚಾಚಿದಳು. ನಾನು ಒಂದು ಹಿಡಿ ತೆಗೆದುಕೊಂಡೆ. ಮೀನುಗಳಿಗೆ ಎಸೆದೆ.

"ಯಾವಾಗ ಗೊತ್ತಾಯ್ತವ್ವ?"

"ದುಡ್ಡು ಕೊಟ್ಟು ಟಿಕೀಟು ತಗಂಡ್ಯಲ್ಲ, ಅವಾಗ. ಸರ್ಕಾರಿ ಬಸ್ಸಲ್ಲಿ ದುಡ್ಡು ಕೊಡೋ ಎಂಗ್ಸು ಅಂದ್ರೆ ಒಂದು ಎಡವಟ್ಟು, ಇಲ್ಲ ಕಳ್ಳಿ. ದನಿ ಕೇಳ್ದೆ. ಎರಡೂ ನನ್ ಮಗಳೇ ಅಂದ್ಕಂಡೆ."

"ಗಂಜಾಂ ಅಂತ ಅದಕ್ಕೆ ಮುಂಚೇನೇ ಹೇಳ್ತಿದ್ಯಲ್ಲ ಆಯಮ್ಮಂಗೆ."

"ಅಲ್ಲಿ ನುಡೀತಲ್ಲ."

"ಎಲ್ಲಿ?"

"ಅಲ್ಲಿ ಕಣೆ, ಗೋಡೆ ಮ್ಯಾಲಿನ ಅಲ್ಲಿ." ಅವಳಿಗೆ ನಗು ಬಂತು. "ನೀನು ಕೃಷ್ಣ ಕೃಷ್ಣ ಅಂದು ತಟ್ಟಿದ್ದೂ ಕೇಳುಸ್ತು. ಬೆಳಿಗ್ಗೆ ನಿಮ್ಮತ್ತಿಗೆ ಸ್ವೇತನ ಕೇಳ್ದೆ, ಮಂಜು ಬೀಳೋ ದೇಸ್ದಲ್ಲಿ ಅಲ್ಲಿ ಇರ್ತವಾ, ಫೋನಲ್ಲಿ ನೋಡು ಅಂತ. ಅಲ್ಲಿ ಎಲ್ಲಿ ಅತ್ತೆ ಅಂದ್ಲು. ಅವಳಿಗೆ ಅರ್ಥ ಮಾಡ್ಸೋದೇ ಒಂದು ಗಳಿಗೆ ಆಯ್ತು. ಯಾಕೆ ಅಂತ ಮಾತ್ರ ಯೋಳ್ನಿಲ್ಲ. ಆಮೇಕೆ ಆ ಆಟೋದೋನು ನಿಮಿಸಾಂಬಾ ಅಂತ ಕೂಗ್ದ. ಇನ್ನೇನ್ ಉಳೀತು ತಿಳ್ಕಳಾಕೆ?"

ಅಲ್ಲಿಂದಾಚೆಗೆ ಎರಡು ಸಲ ಬಂದು ಇದೇ ಮೆಟ್ಟಿಲಲ್ಲಿ ಕೂತು ಹೋದಳಂತೆ. ಬೀದಿ ಬೀದಿ ಹುಡುಕಲಿಲ್ಲವಂತೆ. ಸಿಕ್ಕಿದರೆ ಸಿಗಲಿ ಅಂತ.

ನೀರಿನಲ್ಲಿ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಬರಬೇಕಿದ್ದ ಪ್ರಶ್ನೆ ಬಂತು.

"ಇಲ್ಲಿ ಕೂತ್ಕಂಡೇ ಆ ಕೆಲ್ಸ ಆಯ್ತದಾ ಮಗ?"

ಮಾತನ್ನು ಅಳೆದು ಆಡುವುದು ನನ್ನ ಕಸುಬು. ಸದ್ಯಕ್ಕೆ ಆಗುತ್ತೆ ಅನ್ನಬಹುದಿತ್ತು. ಪೂರ್ತಿ ಆಗಲ್ಲ, ಅರ್ಧ ಆಗುತ್ತೆ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಅಥವಾ ನಂಬಿದಂತೆ ಇರುತ್ತಿದ್ದಳು.

"ಆಗುತ್ತೆ ಅವ್ವ."

"ಅಲ್ಲಿ ಆಫೀಸು?"

"ಇಲ್ಲ."

"ಮೊದ್ಲಿಂದ್ಲೂ ಇರ್ನಿಲ್ವಾ?"

"ಇರ್ಲಿಲ್ಲ."

ಪೊಟ್ಟಣದಲ್ಲಿ ಉಳಿದ ಪುರಿಯನ್ನೆಲ್ಲ ಅವಳು ಒಂದೇ ಸಲಕ್ಕೆ ನೀರಿಗೆ ಸುರಿದಳು. ಅಷ್ಟು ಹೊತ್ತು ಕುಣಿಯುತ್ತಿದ್ದ ಮೀನುಗಳು ಬೆದರಿ ಆಳಕ್ಕೆ ಹೋದವು.

"ಅಂಗಾರೆ ಯಾಕೋಯ್ತೀಯೆ?"

"ಅಲ್ಲಿ ಬಾಗಿಲು ಹಾಕ್ಕೊಂಡು ಹೊರಟರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ."

"ಕೇಳ್ದಿದ್ರೆ ಸಂದಾಗಿರ್ತದಾ?"

"ಚೆನ್ನಾಗಿರುತ್ತೆ. ಒಂದೊಂದು ದಿನ ಮಾತ್ರ ಯಾರಾದ್ರೂ ಕೇಳ್ಲಿ ಅನ್ಸುತ್ತೆ. ಆಗ ಊರು ಬದಲಾಯಿಸ್ತೀನಿ."

ಅವ್ವ ಕಾಲನ್ನು ಇನ್ನೊಂದು ಮೆಟ್ಟಿಲು ಕೆಳಕ್ಕೆ, ಕೆಸರು ನೀರಿಗೆ ಇಳಿಸಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅದು ತೆರೆದರೆ ಮಹಡಿಯ ಕೋಣೆ, ಮೇಜು, ಎಲ್ಲ ಹೊರಬೀಳುತ್ತವೆ ಅನ್ನಿಸುತ್ತಿತ್ತು.

"ನಂಗೆ ಕಿಟ್ಕಿ ಸೀಟು ಸಿಕ್ರೆ ಸಾಕು," ಅಂದಳು. "ಮೊದ್ಲು ಆದಿಚುಂಚನಗಿರಿ ಆಸ್ಪತ್ರೆಗೆ ಕಾಲು ತೋರ್ಸಾಕೆ ಅಂತ್ಲೇ ಓದೆ. ಆ ಡಾಕ್ಟ್ರು ಮಾತ್ರೆ ಕೊಟ್ರು, ವಾಸಿ ಆಗೋಯ್ತು. ವಾಸಿ ಆಯ್ತು ಅಂತ ಅಟ್ಟೀಲಿ ಯೋಳ್ನಿಲ್ಲ. ಯೋಳ್ಬುಟ್ರೆ ಬಸ್ಸು ಅತ್ತೋದು ಎಂಗೆ? ಆಸ್ಪತ್ರೆ ಅಂತ ಒಂಡೋಯ್ತೀನಿ. ಒಂದ್ಸಲ ಮೇಲುಕೋಟೆಗೆ ಓದೆ. ಒಂದಪ ಕೆ.ಆರ್.ಪೇಟೆಗೆ ಓಗಿ, ಬಸ್‌ಸ್ಟಾಂಡಲ್ಲಿ ಒಂದು ಟೀ ಕುಡುದು, ಬಂದ್ಬುಟ್ಟೆ."

"ಕೆ.ಆರ್.ಪೇಟೇಲಿ ಏನಿತ್ತವ್ವ?"

"ಏನಿತ್ತು? ಟೀ ಇತ್ತು." ಸ್ವಲ್ಪ ತಡೆದು ಅಂದಳು: "ಯಾರೂ ಮಾತಾಡುಸ್ನಿಲ್ಲ ಕಣೆ. ಅದೇ ಸಂದಾಗಿತ್ತು."

ನನಗೆ ಅವಳ ಕೈ ಹಿಡಿಯಬೇಕೆನ್ನಿಸಿತು. ನಮ್ಮಲ್ಲಿ ಹಾಗೆಲ್ಲ ರೂಢಿಯಿಲ್ಲ. ನನ್ನ ವೇಲಿನ ತುದಿಯಿಂದ ಅವಳ ಒದ್ದೆ ಕಾಲು ಒರೆಸಿದೆ. "ಬುಡು, ಒಣೀಕತ್ತವೆ" ಎಂದು ಅವಳು ಕಾಲೆಳೆದುಕೊಂಡಳು.

"ಅಪ್ಪಂಗೆ ಹೇಳ್ತೀಯಾ?"

"ಊಟ ಎಲ್ಲಿ ಮಾಡ್ತೀಯೆ ಇಲ್ಲಿ?" ಅಂದಳು. "ಸೊರಗೋಗಿದ್ದೀಯೆ."

ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಹರಕೆ ಯಾತಕ್ಕೆ ಎಂದೂ ಕೇಳಲಿಲ್ಲ. ನಾನು ಮರಳಿ ಬರಲೆಂದು ಕಟ್ಟಿದ್ದರೆ ಅದನ್ನು ಕೇಳಿಸಿಕೊಂಡು ಹೊರಡುವುದು ನನ್ನಿಂದಾಗುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಹೋದೆವು. ನಾಗಮಂಗಲದ ಬಸ್ಸಿನಲ್ಲಿ ಅವಳು ಕಿಟಕಿಯ ಸೀಟು ಹಿಡಿದು, ಆಧಾರ್ ಕಾರ್ಡನ್ನು ಸೆರಗಿನಿಂದ ಒರೆಸಿ ಸಿದ್ಧವಾಗಿಟ್ಟುಕೊಂಡಳು. ಬಸ್ಸು ಹೊರಡುವಾಗ "ಬತ್ತೀನಿ" ಅಂದಳು. ಯಾರು ಯಾರಿಗೆ ಹೇಳಬೇಕಾದ ಮಾತು ಅದು ಎಂದು ಯೋಚಿಸುತ್ತ ನಾನು ಬಿಸಿಲಿನಲ್ಲೇ ನಿಂತಿದ್ದೆ.

ಆ ಮಧ್ಯಾಹ್ನ ಕೆಲಸ ಸಾಗಲಿಲ್ಲ. ಬೀಗವೊಂದರ ಸೂಚನೆಯ ಒಂದೇ ಸಾಲನ್ನು ತಿದ್ದಿ ತಿದ್ದಿ ಕೆಡಿಸಿದೆ. ಅವಳೀಗ ಪಾಂಡವಪುರ ದಾಟಿರಬೇಕು, ಈಗ ನಾಗಮಂಗಲ, ಈಗ ಅಪ್ಪನ ಎದುರು ಕೂತಿರಬೇಕು. ಚೀಲ ತೆಗೆದು ಬಟ್ಟೆ ಜೋಡಿಸಿದೆ, ಮತ್ತೆ ತೆಗೆದಿಟ್ಟೆ. ಪಾಸ್‌ಪೋರ್ಟ್ ಇಲ್ಲದೆ ಎಲ್ಲಿಗೂ ಓಡುವಂತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಫೋನ್ ಬಂತು. ಸ್ವೆಟರ್ ಹಾಕಿಕೊಳ್ಳಲೂ ಮರೆತು ಎತ್ತಿದೆ. ಪುಣ್ಯಕ್ಕೆ ವಿಡಿಯೊ ಇರಲಿಲ್ಲ.

"ಎಂಗಿದ್ದೀಯವ್ವ? ನಿಮ್ಮವ್ವ ಯೋಳಿದ್ಲು, ಅಲ್ಲಿ ಬಲೇ ಮಂಜಂತೆ. ಬೆಚ್ಚಗಿರು."

ಅವ್ವ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. "ಹೂಂ ಅಪ್ಪ. ತುಂಬ ಇದೆ."

"ಅಲ್ಲ ಕಣವ್ವ," ಅಪ್ಪನ ದನಿ ತಗ್ಗಿತು. ಕೊಟ್ಟಿಗೆಯ ಕಡೆ ನಡೆದು ಬಂದಿರಬೇಕು, ಕರುವಿನ ಅಂಬಾ ಕೇಳಿತು. "ನಿಮ್ಮವ್ವ ಕಾಲು ತೋರ್ಸಾಕೆ ಅಂತ ಆಸ್ಪತ್ರೆಗೆ ಓಗಿ ಬಂದವ್ಳೆ. ಸೀರೆ ಅಂಚೆಲ್ಲ ಕೆಸ್ರು. ಸೆರಗಲ್ಲಿ ನಾಕು ಕಾಳು ಪುರಿ. ಆಸ್ಪತ್ರೇಲಿ ಪುರಿ ಕೊಡ್ತಾರಾ? ಕೇಳುದ್ರೆ ನಗ್ತಾಳೆ. ನಂಗ್ಯಾಕೋ ಒಂದ್ ತರ ಆಯ್ತು. ನಿನ್ ತಾವ ಎಲ್ಲಾ ಯೋಳ್ತಾಳಲ್ಲ, ನಿಂಗೇನಾರ ಗೊತ್ತಾ?"

ಸಂಶಯಕ್ಕಿಂತ ಹೆಚ್ಚಾಗಿ ಆ ದನಿಯಲ್ಲಿದ್ದದ್ದು ಹೆದರಿಕೆ. ಅವರಿಗೆ ಹೇಳಿದರೆ ಅವರೂ ಬೈಯುವುದಿಲ್ಲ. ಮುಂದಿನ ಸಲ, "ಒಬ್ಳೇ ಯಾಕೋಯ್ತೀಯೆ, ನಾನೂ ಬತ್ತೀನಿ" ಎಂದು ಜೊತೆಗೆ ಹೊರಡುತ್ತಾರೆ, ಅಷ್ಟೆ. ಕೆ.ಆರ್.ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವಳ ಪಕ್ಕ ಇನ್ನೊಂದು ಟೀ ಲೋಟ ಬರುತ್ತದೆ.

ಟ್ಯೂಬ್‌ಲೈಟಿನ ಪಕ್ಕ ಹಲ್ಲಿ ಕತ್ತೆತ್ತಿ ಕೂತಿತ್ತು. ಅದನ್ನೇ ನೋಡುತ್ತ, ಅದು ನುಡಿದರೂ ತಟ್ಟದಂತೆ ಬೆರಳುಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೆ. ಅಪ್ಪನಿಗಿರಲಿ, ಅತ್ತಿಗೆಗಿರಲಿ, ಮುಂದೆ ಯಾವ ದೇಶದಲ್ಲಿ ಯಾರೇ ಸಿಗಲಿ, ಆ ಮೆಟ್ಟಿಲಿನ ಮಾತು ನನ್ನ ಬಾಯಿಂದ ಹೊರಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

"ಇಲ್ಲ ಅಪ್ಪ," ಅಂದೆ. "ಇಷ್ಟು ದೂರದಿಂದ ನಂಗೇನು ಗೊತ್ತಾಗುತ್ತೆ?"